ಆರನೆಯ ಬಿಳುಪು

ಹಿರೇಗುಂಡಿಹಾಳದಿಂದ ಪಡುವಣಕ್ಕೆ ಒಂದು ಹರದಾರಿ ನಡೆದರೆ ಹಳೆಯ ಬಂಡಿಹಾದಿಯ ಮಗ್ಗುಲಲ್ಲಿ ಒಂದು ಕಲ್ಲುಬಾನಿ ಇದೆ. ಒಂದೇ ಬಂಡೆಯನ್ನು ತೋಡಿ ಮಾಡಿದ್ದು. ಆರು ಎತ್ತುಗಳು ಸಾಲಾಗಿ ನಿಂತು ನೀರು ಕುಡಿಯುವಷ್ಟು ಉದ್ದ. ಸುತ್ತ ಬರೀ ಎರೆಹೊಲ. ಒಂದು ಮರ ಕಾಣಬೇಕಾದರೂ ಕಣ್ಣು ಕಿರಿದು ಮಾಡಿ ಹುಡುಕಬೇಕು. ಈ ಬಾನಿಯ ಬಳಿ ಮೂವತ್ತೊಂದು ವರ್ಷ ಒಬ್ಬರೇ ಬದುಕಿದ ಮಹಾತಾಯಿಯ ಹೆಸರು ತಿಪ್ಪವ್ವ. ಜನ ಅವರನ್ನು ಬಾನಿಯ ತಾಯಿ ಎಂದರು.

ಪ್ಲೇಗು ಬಂದ ವರ್ಷ ಗಂಡನನ್ನೂ ಇಬ್ಬರು ಮಕ್ಕಳನ್ನೂ ಒಂದೇ ವಾರದಲ್ಲಿ ಮಣ್ಣಿಗಿಟ್ಟು ತಾಯಿಯವರು ಊರಾಚೆಯ ತಮ್ಮ ಕೇರಿಯನ್ನು ಬಿಟ್ಟು ಬಂದರು. ಬಾನಿಯಿಂದ ಎರಡು ಕೂಗಳತೆ ದೂರದಲ್ಲಿ ಒಂದು ಹಾಳುಬಾವಿ ಇತ್ತು. ಅದರ ಹೂಳನ್ನು ತಾವೇ ಎತ್ತಿದರು. ಮೊದಲು ಒಂದು ತಂಬಿಗೆ ಇಟ್ಟುಕೊಂಡು ದಾರಿಹೋಕರಿಗೆ ನೀರು ಕೊಡಲು ಕೂತರು. ದಾರಿಹೋಕರು ಕುಲ ಕೇಳಿದರು. ಕೇಳಿ ತಿಳಿದುಕೊಂಡು, ಒಣಗಿದ ನಾಲಗೆಯಲ್ಲೇ ಮುಂದೆ ನಡೆದರು. ಆಗ ತಾಯಿಯವರು ತಂಬಿಗೆಯನ್ನು ಗುಡಿಸಲೊಳಗೆ ಕವುಚಿಟ್ಟು, ದಿನಕ್ಕೆ ನಲವತ್ತು ಕೊಡ ಹೊತ್ತು ದನಕರುಗಳಿಗಾಗಿ ಬಾನಿ ತುಂಬತೊಡಗಿದರು. ಎತ್ತು ಕುಲ ಕೇಳುವುದಿಲ್ಲ. ಇವತ್ತು ಆ ಬಾನಿಗೆ ಕುಂಕುಮ ಹಚ್ಚಿ ಕಾಯಿ ಒಡೆಯುವವರು, ತಮ್ಮ ಮುತ್ತಜ್ಜ ಅವತ್ತು ಆ ತಂಬಿಗೆಗೆ ಬಾಯಿ ಇಟ್ಟಿದ್ದನೇ ಎಂದು ಮನೆಯಲ್ಲಿ ಒಮ್ಮೆ ವಿಚಾರಿಸಿಕೊಂಡು ಬರಲಿ.

ತಾಯಿಯವರು ಕಲ್ಲಿನಿಂದ ನೀರು ಉಕ್ಕಿಸಿದರು, ಹಾವನ್ನು ಹೂವು ಮಾಡಿದರು ಎಂಬ ಕಥೆಗಳು ಬೇಕಾದಷ್ಟಿವೆ. ಹೇಳುವವರು ಹೇಳಲಿ. ನಾನು ಬರೆಯುವುದು ಒಂದು ಕುದುರೆಯ ಪ್ರಸಂಗ. ಇದನ್ನು ಕಣ್ಣಾರೆ ಕಂಡವನು ಲಾಡ್ಲೇಸಾಬ. ಅವನ ಬಾಯಿಂದ ಕೇಳಿದವರು ನಮ್ಮ ಕಡೆಯ ಲಾಳ ಕಟ್ಟುವವರು. ಅವರಿಂದ ನಾನು ಕೇಳಿದ್ದೇನೆ.

ಲಾಡ್ಲೇಸಾಬ ಹಿರೇಗುಂಡಿಹಾಳದ ದೇಸಾಯರ ವಾಡೆಯಲ್ಲಿ ಚಾಬುಕಸವಾರ. ಅಂದರೆ ಕುದುರೆ ಪಳಗಿಸುವವನು. ಐವತ್ತರ ಆಸುಪಾಸು. ಹೆಂಡತಿ ಬಾಣಂತನದಲ್ಲಿ ಹೋದ ಮೇಲೆ ಮನೆಗೆ ಬೀಗ ಹಾಕಿ ಲಾಯದಲ್ಲೇ ಮಲಗುತ್ತಿದ್ದ. ದಿನವಿಡೀ ಅವನು ಆಡುತ್ತಿದ್ದ ಮಾತೆಲ್ಲ ಕುದುರೆಗಳಿಗೆ, ಅದೂ ಬೈಗುಳ. ಅವನಿಗೆ ದೇವರಲ್ಲಿ, ಸಂತರಲ್ಲಿ ನಂಬಿಕೆ ಇರಲಿಲ್ಲ. ಇರದಿರುವುದಕ್ಕೆ ಕಾರಣವೂ ಇತ್ತು. ಆ ಸೀಮೆಯ ಅತಿ ದೊಡ್ಡ ಪವಾಡವನ್ನು ವರ್ಷವರ್ಷವೂ ತಯಾರು ಮಾಡುತ್ತಿದ್ದವನು ಅವನೇ.

ಆ ಪವಾಡ ಏನೆಂದು ಹೇಳಬೇಕು. ದೇಸಾಯರ ಮನೆತನದ ಮೂಲಪುರುಷ ಯಾವುದೋ ಕಾಳಗದಲ್ಲಿ ಸತ್ತಾಗ ಅವನ ಕುದುರೆ ಬರಿದಾದ ಜೀನು ಹೊತ್ತು ವಾಡೆಗೆ ಮರಳಿತ್ತಂತೆ. ಅದರ ನೆನಪಿಗೆ ಶ್ರಾವಣದ ಕೊನೆಯ ಸೋಮವಾರ, ಒಂದು ಪಂಚಕಲ್ಯಾಣಿ ಕುದುರೆಯ ಮೇಲೆ ಯಾರೂ ಕೂರದ ಜೀನು ಬಿಗಿದು, ಅದರ ಮೇಲೆ ಜನ ಅಜ್ಜ ಎನ್ನುತ್ತಿದ್ದ ಆ ಮೂಲಪುರುಷನ ಖಡ್ಗ ಕಟ್ಟಿ, ಅವನ ಗದ್ದುಗೆಯವರೆಗೆ ನಡೆಸಿಕೊಂಡು ಹೋಗುತ್ತಿದ್ದರು. ಪಂಚಕಲ್ಯಾಣಿ ಎಂದರೆ ನಾಲ್ಕು ಕಾಲು ಮತ್ತು ಮುಖ, ಈ ಐದು ಕಡೆ ಬಿಳುಪು ಇರುವ ಕುದುರೆ. ಖಡ್ಗ ಇಟ್ಟ ಗಳಿಗೆಯಲ್ಲಿ ಕುದುರೆ ಗಡಗಡ ನಡುಗುತ್ತಿತ್ತು. ಅಜ್ಜ ಬಂದು ಕೂತದ್ದಕ್ಕೆ ಅದೇ ಗುರುತು. ಜನ ಕೈ ಎತ್ತಿ ‘ಅಜ್ಜ ಏರಿದ, ಅಜ್ಜ ಏರಿದ’ ಎಂದು ಕೂಗುತ್ತಿದ್ದರು. ನಡುಗುವ ಅದರ ಭುಜ ಮುಟ್ಟಿ ಹರಕೆ ಹೊರುತ್ತಿದ್ದರು. ಅದು ಹೆಚ್ಚು ನಡುಗಿದಷ್ಟೂ ಡೊಳ್ಳು ಹೆಚ್ಚು ಬಡಿಯುತ್ತಿದ್ದರು. ಒಂದು ಮೂಕಪ್ರಾಣಿ ನೋವಿನಿಂದ ಅದುರಿದರೆ ಅದಕ್ಕೆ ಕೈ ಮುಗಿಯುವ ಜನ ನಾವು.

ಕುದುರೆಗೆ ನೋವಾಗುತ್ತಿದ್ದದ್ದು ಒಂದು ಜಾಲಿಮುಳ್ಳಿನಿಂದ. ಜೀನಿನ ಕೆಳಗಿನ ಕಂಬಳಿಯ ಮಡಿಕೆಯಲ್ಲಿ ಲಾಡ್ಲೇಸಾಬ ಅದನ್ನು ಹೊಲಿದಿಡುತ್ತಿದ್ದ. ಖಡ್ಗದ ಭಾರ ಬಿದ್ದ ಕೂಡಲೇ ಅದು ಬೆನ್ನಿಗೆ ನಾಟುತ್ತಿತ್ತು. ಹಿಂದಿನ ಚಾಬುಕಸವಾರ ಕೆಲಸ ಬಿಡುವಾಗ ಲಾಯದ ಬೀಗದ ಕೈ ಕೊಟ್ಟಷ್ಟೇ ಸಹಜವಾಗಿ ಇದನ್ನೂ ಹೇಳಿಕೊಟ್ಟು ಹೋಗಿದ್ದ. ಹಳೆಯ ಕುದುರೆ ಹನ್ನೊಂದು ಶ್ರಾವಣ ಸಹಿಸಿ ಸತ್ತಿತು. ಅದರ ಜಾಗಕ್ಕೆ ಬಂದದ್ದು ಕೆಂದು ಬಣ್ಣದ ಎಳೆಯ ಕುದುರೆ, ಕಲ್ಯಾಣಿ. ಚುರುಕಾದ ಕಿವಿ, ತೆಳುವಾದ ಚರ್ಮ. ನೊಣ ಕೂತರೂ ಮೈ ಜುಮ್ಮೆನ್ನಿಸುವ ಜಾತಿ. ಮೊದಲ ಶ್ರಾವಣದಲ್ಲಿ ಮುಳ್ಳು ನಾಟಿದಾಗ ಅದು ನಡುಗಲಿಲ್ಲ, ಹಿಂಗಾಲ ಮೇಲೆ ಎದ್ದು ನಿಂತು ಕಿರುಚಿತು. ಡೊಳ್ಳಿನವನೊಬ್ಬನ ಕೈ ಮುರಿಯಿತು. ಜನರಿಗೆ ಖುಷಿಯೋ ಖುಷಿ. ಅಜ್ಜ ಇಷ್ಟು ಜೋರಾಗಿ ಎಂದೂ ಏರಿರಲಿಲ್ಲ ಎಂದು ವರ್ಷವಿಡೀ ಮಾತಾಡಿಕೊಂಡರು.

ಆಮೇಲೆ ಕಲ್ಯಾಣಿ ಜೀನು ಕಂಡರೆ ಹತ್ತಿರ ಬರಲಿಲ್ಲ. ಲಾಡ್ಲೇಸಾಬ ತನಗೆ ಗೊತ್ತಿದ್ದ ವಿದ್ಯೆಯನ್ನೆಲ್ಲ ಸುರಿದ. ಕಾಲಿಗೆ ಹಗ್ಗ ಕಟ್ಟಿದ. ಹುರುಳಿ ನಿಲ್ಲಿಸಿದ. ಕಣ್ಣಿಗೆ ಬಟ್ಟೆ ಕಟ್ಟಿ ಬೆನ್ನ ಮೇಲೆ ಮರಳಿನ ಚೀಲ ಹೇರಿದ. ಕುದುರೆ ಇನ್ನಷ್ಟು ಕೆಟ್ಟಿತು. ಎರಡನೆಯ ಶ್ರಾವಣ ಹತ್ತಿರ ಬಂತು. ವಾಡೆಯಲ್ಲಿ ಒಂದು ಕಟ್ಟಳೆ ಇತ್ತು. ಅಜ್ಜ ಏರದ ಪಂಚಕಲ್ಯಾಣಿಯನ್ನು ಬೇರೆ ಯಾರೂ ಏರಬಾರದು, ಮಾರಲೂಬಾರದು, ಇಟ್ಟುಕೊಳ್ಳಲೂಬಾರದು. ಅಂಗಳದಲ್ಲೇ ಗುಂಡು ಹಾಕಬೇಕು. ದೇಸಾಯರ ತಂದೆಯ ಕಾಲದಲ್ಲಿ ಒಂದಕ್ಕೆ ಹಾಕಿದ್ದರು.

ಸೋಮವಾರಕ್ಕೆ ಹನ್ನೊಂದು ದಿನ ಇರುವಾಗ ನಾಲ್ವರು ಆಳುಗಳನ್ನು ಹಗ್ಗ ಹಿಡಿಯಲು ನಿಲ್ಲಿಸಿ ಲಾಡ್ಲೇಸಾಬ ಜೀನು ಹೊತ್ತು ತಂದ. ಕಲ್ಯಾಣಿ ನಾಲ್ವರ ಅಂಗೈಯ ಚರ್ಮ ಸುಲಿಯುವಂತೆ ಹಗ್ಗ ಕಿತ್ತುಕೊಂಡು, ಲಾಯದ ಅಡ್ಡಗಂಬಗಳನ್ನು ಹಾರಿ ಪಡುವಣಕ್ಕೆ ಓಡಿತು. ಲಾಡ್ಲೇಸಾಬ ಚಾಟಿ ಹಿಡಿದು ಗೊರಸಿನ ಗುರುತು ನೋಡುತ್ತ ಹಿಂದೆ ನಡೆದ. ಬಯಲಲ್ಲಿ ಅವನ ನೆರಳು ಬಿಟ್ಟರೆ ಇನ್ನೊಂದು ನೆರಳು ಇರಲಿಲ್ಲ.

ಬಾನಿಯ ಹತ್ತಿರ ಬಂದಾಗ ಅವನು ಕಂಡದ್ದು ಇದು. ಕುದುರೆ ನೀರು ಕುಡಿಯುತ್ತಿತ್ತು. ಪಕ್ಕೆಯ ತುಂಬ ಬೆವರಿನ ನೊರೆ. ಅದರ ಮೂತಿಯಿಂದ ಗೇಣು ದೂರದಲ್ಲಿ ಬಾನಿಯ ತಾಯಿಯವರು ಅದಕ್ಕೆ ಬೆನ್ನು ತಿರುಗಿಸಿ ಕೂತು, ಹುಲ್ಲಿನ ಸಿಂಬೆಯಿಂದ ಕಲ್ಲಿನ ಪಾಚಿ ಉಜ್ಜುತ್ತಿದ್ದರು.

‘ಯವ್ವಾ, ದೂರ ಸರಿ,’ ಎಂದ ಲಾಡ್ಲೇಸಾಬ. ‘ಅದು ಹುಚ್ಚು ಕುದುರಿ. ಹೋದ ವರ್ಷ ಒಬ್ಬನ ಕೈ ಮುರದದ.’

ಅವನ ದನಿ ಕೇಳಿದ್ದೇ ತಡ, ಕಲ್ಯಾಣಿ ತಲೆ ಎತ್ತಿ ಇಪ್ಪತ್ತು ಮಾರು ಹಿಂದಕ್ಕೆ ಓಡಿ ನಿಂತಿತು. ತಾಯಿಯವರು ತಿರುಗಿ ನೋಡಲಿಲ್ಲ.

‘ನೀ ಬರೂತನ ಸುಮ್ಮನ ಇತ್ತಲ್ಲಪ್ಪ,’ ಎಂದರು.

ಲಾಡ್ಲೇಸಾಬನಿಗೆ ಮುಖಕ್ಕೆ ಹೊಡೆದಂತಾಯಿತು. ‘ಏನು ಮಂತ್ರ ಹಾಕಿದಿ?’

‘ನೀರು ಹಾಕೀನಿ.’

‘ನಾ ನಲವತ್ತೇಳು ಕುದುರಿ ಪಳಗಿಸೀನಿ, ಯವ್ವಾ. ನನಗ ಹೇಳಾಕ ಬರಬ್ಯಾಡ.’

‘ಪಳಗೀವಿ ಅಂತ ಅವು ನಿನಗ ಹೇಳ್ಯಾವೇನು?’

ಅವನು ಹಗ್ಗ ಹಿಡಿಯಲು ಹೋದ. ಕುದುರೆ ಸರಿಯಿತು. ಮತ್ತೆ ಹೋದ. ಮತ್ತೆ ಸರಿಯಿತು. ಹೊತ್ತು ನೆತ್ತಿಯಿಂದ ಇಳಿಯುವವರೆಗೂ ಇದೇ ನಡೆಯಿತು. ಕೊನೆಗೆ ಅವನು ಸೋತು ಬಾನಿಯ ಕಟ್ಟೆಗೆ ಒರಗಿದ. ತಾಯಿಯವರು ಅಲ್ಲಿಯತನಕ ಆರು ಕೊಡ ನೀರು ಹೊತ್ತು ಸುರಿದಿದ್ದರು. ಏಳನೆಯ ಕೊಡ ಇಳಿಸಿ, ದೂರ ನಿಂತಿದ್ದ ಕಲ್ಯಾಣಿಯನ್ನು ಮೊದಲ ಸಲ ನೆಟ್ಟು ನೋಡಿದರು. ಬಿಸಿಲು ಅದರ ಬೆನ್ನ ಮೇಲೆ ಬೀಳುತ್ತಿತ್ತು. ಕತ್ತು ಮುಗಿದು ಬೆನ್ನು ಶುರುವಾಗುವ ಏಣಿನ ಮೇಲೆ, ಕೆಂಪು ಕೂದಲ ನಡುವೆ, ರೂಪಾಯಿಯಷ್ಟು ಅಗಲದ ಬಿಳಿ ಮಚ್ಚೆ. ಗಾಯ ಮಾಗಿದ ಮೇಲೆ ಕುದುರೆಗೆ ಆ ಜಾಗದಲ್ಲಿ ಬಿಳಿಯ ಕೂದಲೇ ಬರುತ್ತದೆ. ಜರಿಯ ಹೊದಿಕೆಯ ಕೆಳಗೆ ವಾಡೆಯಲ್ಲಿ ಅದನ್ನು ಯಾರೂ ನೋಡಿರಲಿಲ್ಲ, ನೋಡುವ ಮನಸ್ಸೂ ಮಾಡಿರಲಿಲ್ಲ.

‘ಐದು ಬಿಳುಪು ದೇವರು ಕೊಟ್ಟದ್ದು,’ ಎಂದರು ತಾಯಿಯವರು. ‘ಆರನೇದು ಯಾರು ಕೊಟ್ರು?’

ಲಾಡ್ಲೇಸಾಬ ಚಾಟಿಯನ್ನು ಸುರುಳಿ ಸುತ್ತತೊಡಗಿದ. ತಾಯಿಯವರು ಎರಡನೆಯ ಸಲ ಕೇಳಲಿಲ್ಲ. ಖಾಲಿ ಕೊಡ ತಲೆಗೇರಿಸಿಕೊಂಡು ಬಾವಿಯ ಕಡೆ ಹೊರಟರು. ಹೋಗುತ್ತ ಇಷ್ಟು ಹೇಳಿದರು: ‘ಅದರ ಮಾರಿ ನೋಡಬ್ಯಾಡ. ಬೆನ್ನು ತಿರುವಿ ಕುಂದ್ರು. ನಿನ್ನ ಮಾರಿ ಕಂಡ್ರ ಅದಕ್ಕ ನೋವು ನೆನಪಾಗ್ತದ.’

ಅವನಿಗೆ ಹೋಗಲು ಬೇರೆ ದಾರಿ ಇರಲಿಲ್ಲ. ಕುದುರೆಯಿಲ್ಲದೆ ವಾಡೆಗೆ ಮರಳುವಂತಿರಲಿಲ್ಲ. ಹಾಗಾಗಿ ಕೂತ.

ಎರಡು ದಿನ ಏನೂ ಆಗಲಿಲ್ಲ. ಬಯಲ ಕಡೆ ಮುಖ ಮಾಡಿ ಕೂತ ಮನುಷ್ಯ, ಬೆನ್ನ ಹಿಂದೆ ದೂರದಲ್ಲಿ ಮೇಯುವ ಕುದುರೆ, ಬಾವಿಗೂ ಬಾನಿಗೂ ನಡೆದಾಡುವ ಮುದಿ ತಾಯಿ. ಲಾಡ್ಲೇಸಾಬ ಮುಂದೆ ಹೇಳುತ್ತಿದ್ದನಂತೆ: ಲಾಯದಲ್ಲಿ ಹನ್ನೆರಡು ವರ್ಷ ಒಬ್ಬನೇ ಮಲಗಿದ್ದೆ, ಆದರೆ ಒಬ್ಬನೇ ಇದ್ದೇನೆ ಎಂದು ಗೊತ್ತಾದದ್ದು ಆ ಎರಡು ದಿನದಲ್ಲಿ. ಬೈಯಲು ಯಾರೂ ಇರಲಿಲ್ಲ. ಹೆಂಡತಿಯ ಮುಖ ನೆನಪು ಮಾಡಿಕೊಳ್ಳಲು ಹೋದ, ಅದು ಬರಲಿಲ್ಲ. ಅವಳು ರೊಟ್ಟಿ ಬಡಿಯುವ ಸದ್ದು ಮಾತ್ರ ಬಂತು.

ಮೂರನೆಯ ದಿನ ಬೆನ್ನ ಹಿಂದೆ ಬಿಸಿ ಉಸಿರು ತಾಗಿತು. ಕಲ್ಯಾಣಿ ಅವನ ರುಮಾಲು ಮೂಸಿತು. ಅವನು ಕೈ ಎತ್ತಲು ಹೋದ. ಬಾನಿಯ ಆಚೆಯಿಂದ ತಾಯಿಯವರು ತಲೆ ಅಲ್ಲಾಡಿಸಿದರು. ಅವನು ಕೈ ಇಳಿಸಿದ. ಕುದುರೆ ಹೋಯಿತು, ಮತ್ತೆ ಬಂತು.

ನಾಲ್ಕನೆಯ ದಿನ ಲಾಡ್ಲೇಸಾಬ ಬೆಳಕು ಹರಿಯುವ ಮುನ್ನ ಯಾರಿಗೂ ಕಾಣದಂತೆ ಲಾಯಕ್ಕೆ ಹೋಗಿ ಜೀನು ತಂದ. ಅದನ್ನು ಕಂಡು ಕಲ್ಯಾಣಿ ಅರ್ಧ ಹರದಾರಿ ಓಡಿತು. ತಾಯಿಯವರು ಜೀನನ್ನು ಎತ್ತಿ ಬಾನಿಯ ಅಂಚಿನ ಮೇಲೆ ಹಾಕಿದರು. ನೀರು ಬೇಕಾದರೆ ಕುದುರೆ ಅದರ ಹತ್ತಿರ ಬರಬೇಕು. ಸಂಜೆಯವರೆಗೂ ಬಾಯಾರಿ ನಿಂತು ಕೊನೆಗೆ ಬಂತು. ಕುತ್ತಿಗೆ ಉದ್ದ ಮಾಡಿ, ಓಡಲು ಹಿಂಗಾಲು ಸಜ್ಜಾಗಿಟ್ಟುಕೊಂಡೇ ಕುಡಿಯಿತು. ಮರುದಿನ ತಾಯಿಯವರು ಅದೇ ಜೀನಿನ ಮೇಲೆ ಕೂತು ಜೋಳ ಹಸನು ಮಾಡಿದರು. ಅರಸರಂಥವರೂ ಕೂರಬಾರದೆಂದಿದ್ದ ಅಜ್ಜನ ಜೀನು ಅದು. ಅದರ ಮೇಲೆ ಕೇರಿಯ ತಾಯಿಯೊಬ್ಬರು ಮೊರ ಹಿಡಿದು ಕೂತಿದ್ದರು. ಬಿದ್ದ ಕಾಳನ್ನು ಕಲ್ಯಾಣಿ ತಾಯಿಯವರ ಮಂಡಿಯ ಬಳಿ ನಿಂತು ಹೆಕ್ಕಿ ತಿಂದಿತು.

ಅವತ್ತೇ ವಾಡೆಯ ಕಾರಭಾರಿ ರಾಚೋಟಪ್ಪ ಗಿಡ್ಡ ತಟ್ಟುಕುದುರೆಯ ಮೇಲೆ ಬಂದ. ಲಾಡ್ಲೇಸಾಬ ಬೆನ್ನು ತಿರುಗಿಸಿ ಕೂತದ್ದನ್ನು ನೋಡಿ ಅವನಿಗೆ ನಗು ತಡೆಯಲಾಗಲಿಲ್ಲ.

‘ಏನ್ರೀ ಸಾಬ್ರ, ಮುನಿಸಿಕೊಂಡ ಮದುಮಗ ಕುಂತಂಗ ಕುಂತೀರಿ. ಕುದುರಿ ಬಂದು ರಮಿಸಬೇಕೇನು?’

‘ರಮಿಸ್ಲಿಕ್ಕ ಹತ್ತದ. ನೀವು ಬಂದು ಕೆಡಸಿದ್ರಿ,’ ಎಂದ ಲಾಡ್ಲೇಸಾಬ.

‘ಮುದುಕಿ ಮುಟ್ಟಿದ ನೀರು ಕುಡದ ಕುದುರಿ ಮ್ಯಾಲ ಅಜ್ಜ ಏರ್ತಾನೋ ಇಲ್ಲೋ, ಅದೊಂದು ಬ್ಯಾರೆ ಅದ.’ ರಾಚೋಟಪ್ಪ ತಟ್ಟುವನ್ನು ತಿರುಗಿಸಿದ. ‘ಸೋಮವಾರ ನೆನಪಿಟ್ಕೋ. ಧಣೇರು ಬಂದೂಕಿಗೆ ಎಣ್ಣಿ ಹಚ್ಚಿಸ್ಯಾರ.’

ಅವನ ತಟ್ಟು ಹೋದ ಧೂಳು ಬಹಳ ಹೊತ್ತು ಬಯಲಲ್ಲಿ ನಿಂತಿತ್ತು.

ಆಮೇಲೆ ಮುಟ್ಟುವ ಪಾಠ. ಲಾಡ್ಲೇಸಾಬ ಭುಜಕ್ಕೆ ಅಂಗೈ ಇಟ್ಟರೆ ಕಲ್ಯಾಣಿಯ ಚರ್ಮ ಅಲೆಅಲೆಯಾಗಿ ಅದುರುತ್ತಿತ್ತು. ಇಡೀ ಆಯುಷ್ಯ ಅವನು ಕಲಿತದ್ದು ಬಿಗಿ ಹಿಡಿಯುವುದನ್ನು. ಕುದುರೆ ಸರಿದರೆ ಹಿಡಿತ ಬಿಗಿ, ಇನ್ನೂ ಸರಿದರೆ ಇನ್ನೂ ಬಿಗಿ. ತಾಯಿಯವರು ಕೊಡ ಹೊತ್ತು ಹೋಗುತ್ತಿದ್ದವರು ನಿಂತು ಹೇಳಿದರು: ‘ಅದು ಸರಿಯೂ ಮೊದಲ ನೀ ಸರಿ.’

ಇಷ್ಟೇ ವಿದ್ಯೆ. ಕುದುರೆಗೆ ಬೇಡವೆನಿಸುವ ಮುನ್ನವೇ ಕೈ ತೆಗೆಯುವುದು. ತೆಗೆದ ಕೈ ತಿರುಗಿ ಬರುವುದನ್ನು ಅದು ಕಾಯುವಂತೆ ಆಗುವುದು. ದಿನಕ್ಕೆ ನೂರು ಸಲ ಇಟ್ಟ, ನೂರು ಸಲ ತೆಗೆದ. ಭುಜದಿಂದ ಕತ್ತಿಗೆ, ಕತ್ತಿನಿಂದ ಬೆನ್ನಿನ ಆ ಬಿಳಿ ಮಚ್ಚೆಗೆ. ಮಚ್ಚೆಯ ಮೇಲೆ ಅವನ ಕೈ ಬಿದ್ದ ದಿನ ಕಲ್ಯಾಣಿ ಕಿವಿ ಹಿಂದಕ್ಕೆ ಮಾಡಿ ಉಸಿರು ಹಿಡಿಯಿತು. ಅವನು ಕೈ ತೆಗೆದ. ಕುದುರೆ ಉಸಿರು ಬಿಟ್ಟು, ತುಟಿ ಚಪ್ಪರಿಸಿ, ತಲೆ ಕೆಳಗಿಳಿಸಿತು. ಅದು ಬೆದರು ಇಳಿಯುವ ಲಕ್ಷಣ. ಒಂಬತ್ತನೆಯ ದಿನ ಪಟ್ಟಿ ಬಿಗಿಯದೆ ಜೀನು ಇಟ್ಟು ತೆಗೆದ. ಹತ್ತನೆಯ ದಿನ ಪಟ್ಟಿ ಬಿಗಿದ. ಬಿಗಿಯುವ ಮೊದಲು ಕಂಬಳಿಯ ಕೆಳಗೆ ಬರಿಗೈ ಆಡಿಸಿ ಮಡಿಕೆ ಮಡಿಕೆ ತಡವಿ ನೋಡಿದ. ಕಲ್ಯಾಣಿ ಕತ್ತು ತಿರುಗಿಸಿ ಅವನು ಮಾಡುವುದನ್ನೇ ನೋಡುತ್ತಿತ್ತು. ಬಿಗಿದಾದ ಮೇಲೆ ಒಂದು ಹಿಂಗಾಲು ಸಡಿಲ ಬಿಟ್ಟು, ಕಣ್ಣು ಅರ್ಧ ಮುಚ್ಚಿ ನಿಂತಿತು.

ಲಾಡ್ಲೇಸಾಬ ತಾಯಿಯವರ ಬಳಿ ಬಂದ. ಅವರು ಒದ್ದೆ ಸಿಂಬೆ ಹಿಂಡುತ್ತಿದ್ದರು.

‘ಆರನೇದು ನಾ ಕೊಟ್ಟದ್ದು, ಯವ್ವಾ.’ ಮುಳ್ಳಿನ ಕಥೆಯನ್ನೆಲ್ಲ ಹೇಳಿದ. ಹನ್ನೆರಡು ಶ್ರಾವಣ.

ತಾಯಿಯವರು ಕೇಳಿದರು. ಕ್ಷಮೆ ಎಂದಾಗಲಿ ಪಾಪ ಎಂದಾಗಲಿ ಅನ್ನಲಿಲ್ಲ. ‘ನನಗ್ಯಾಕ ಹೇಳ್ತಿ? ಅದರ ನಡುಕಕ್ಕ ನಾ ಕೈ ಮುಗದಾಕಿ ಅಲ್ಲ,’ ಎಂದರು. ಕುದುರೆಯ ಕಡೆ ನೋಡಿ ಹೇಳಿದರು: ‘ಸೋಮವಾರ ಅದು ಸುಮ್ಮನ ನಿಂದ್ರತದ. ಅದು ಸುಮ್ಮನ ನಿಂತರ ನೀ ಮಾತಾಡಬೇಕಾಗ್ತದ.’

ಆಗ ಲಾಡ್ಲೇಸಾಬನಿಗೆ ತಾನು ಹತ್ತು ದಿನ ಮಾಡಿದ್ದೇನು ಎಂಬುದು ಹೊಳೆಯಿತು. ಕುದುರೆ ಹುಚ್ಚೆದ್ದು ಜೀನು ಹೊರದಿದ್ದರೆ ಗುಂಡು. ಈಗ ಅದು ಶಾಂತವಾಗಿದೆ, ಶಾಂತವಾಗಿ ನಿಂತರೆ ಅಜ್ಜ ಏರಲಿಲ್ಲ, ಆಗಲೂ ಗುಂಡು. ನಡುವೆ ಉಳಿದದ್ದು ಅವನ ಒಂದು ಬಾಯಿ.

‘ನೀ ಬರ್ತೀಯೇನು ಯವ್ವಾ, ನನ್ನ ಸಂಗಾಟ?’

‘ಆ ಅಂಗಳದಾಗ ನನಗ ಜಾಗ ಇಲ್ಲ,’ ಎಂದು ತಾಯಿಯವರು ಕೊಡ ಎತ್ತಿಕೊಂಡರು.

ಸೋಮವಾರ ಅವನು ಒಬ್ಬನೇ ಕುದುರೆಯನ್ನು ನಡೆಸಿಕೊಂಡು ವಾಡೆಗೆ ಹೋದ. ಅಂಗಳ ತುಂಬ ಜನ. ಡೊಳ್ಳು ಬಡಿದಾಗ ಕಲ್ಯಾಣಿಯ ಕಿವಿ ಹೊರಳಿದವು. ಅವನು ಅದರ ಭುಜಕ್ಕೆ ಬೆನ್ನು ಕೊಟ್ಟು ನಿಂತ. ಅದು ನಿಂತಿತು. ಜೀನು ಬಿಗಿದ. ದೇಸಾಯಿ ಚೆನ್ನವೀರಪ್ಪನವರು ಎರಡೂ ಕೈಯಲ್ಲಿ ಖಡ್ಗ ಹಿಡಿದು ಬಂದು ಜೀನಿಗೆ ಕಟ್ಟಿದರು. ಡೊಳ್ಳು ನಿಂತಿತು.

ಕಲ್ಯಾಣಿ ಒಮ್ಮೆ ಮೂಗಿನಿಂದ ದೀರ್ಘವಾಗಿ ಉಸಿರು ಬಿಟ್ಟು, ಹಿಂಗಾಲು ಸಡಿಲಿಸಿ, ತಲೆ ತಗ್ಗಿಸಿ ನಿಂತಿತು. ನಡುಕವಿಲ್ಲ. ಒಂದು ನೊಣ ಅದರ ಭುಜದ ಮೇಲೆ ಕೂತು ಎದ್ದು ಹೋಯಿತು.

‘ಅಜ್ಜಗ ನಿದ್ದಿ ಹತ್ತೇದೇನು?’ ಎಂದ ಹಿಂದಿನಿಂದ ಒಬ್ಬ. ಯಾರೂ ನಗಲಿಲ್ಲ.

ರಾಚೋಟಪ್ಪ ಲಾಡ್ಲೇಸಾಬನ ಕಿವಿಯ ಹತ್ತಿರ ಬಂದ. ‘ಏನಾರ ಮಾಡೋ,’ ಎಂದು ಪಿಸುಗುಟ್ಟಿದ. ‘ವರ್ಷಾ ವರ್ಷಾ ಮಾಡೂದು ಮಾಡು.’ ಅವನಿಗೂ ಗೊತ್ತಿತ್ತು. ಇಂಥ ಪವಾಡಗಳು ಒಬ್ಬನೇ ಮನುಷ್ಯನಿಂದ ನಡೆಯುವುದಿಲ್ಲ, ಗೊತ್ತಿದ್ದೂ ಸುಮ್ಮನಿರುವವರು ನಾಲ್ಕು ಜನ ಬೇಕು.

ದೇಸಾಯರು ಬಂದೂಕಿಗೆ ಕೈ ಚಾಚಿದರು. ಆಗ ಲಾಡ್ಲೇಸಾಬ ಕುದುರೆಯ ಮುಂದೆ ಬಂದು ನಿಂತು ಮಾತಾಡಿದ.

‘ಧಣೇರ, ಅಜ್ಜ ಇವತ್ತಷ್ಟ ಏರಿಲ್ಲಂತಲ್ಲ. ನಾ ಬಂದಾಗಿಂದ ಹನ್ನೆರಡು ವರ್ಷ ಏರಿಲ್ಲ. ನಡುಗಿದ್ದು ಮುಳ್ಳಿಗೆ. ಮುಳ್ಳು ನಂದು.’ ಪಟ್ಟಿ ಬಿಚ್ಚಿ ಜೀನು, ಖಡ್ಗ, ಜರಿ ಹೊದಿಕೆ ಎಲ್ಲವನ್ನೂ ಒಟ್ಟಿಗೆ ಎತ್ತಿ ಕೆಳಗಿಟ್ಟ. ಕೆಂಪು ಬೆನ್ನಿನ ಮೇಲೆ ಆ ಬಿಳಿ ಮಚ್ಚೆ ಎಲ್ಲರಿಗೂ ಕಂಡಿತು. ‘ಇಲ್ಲಿ ನೋಡ್ರಿ. ಇದು ಹುಟ್ಟಿದ ಬಿಳುಪಲ್ಲ.’

ಮೊದಲು ಮಾತಾಡಿದವರು ದೇಸಾಯರ ತಾಯಿ ನೀಲಗಂಗಮ್ಮ. ಎಪ್ಪತ್ತು ದಾಟಿದ ವಿಧವೆ. ಪ್ರತಿ ವರ್ಷ ನಡುಗುವ ಭುಜವನ್ನು ಮೊದಲು ಮುಟ್ಟುತ್ತಿದ್ದವರು ಅವರೇ.

‘ಹೋದ ವರ್ಷ ನನ್ನ ಮಗಳು ಹಾಸಿಗಿ ಹಿಡದಾಗ ಮಂದಿ ಒತ್ತಿ ಹಿಡದ ಇದರ ಭುಜಾ ಮುಟ್ಟಿ ಬೇಡ್ಕೊಂಡಿದ್ದೆ,’ ಎಂದರು. ‘ಅವಾಗ ಅಜ್ಜ ಕೇಳಿಸ್ಕೊಂಡಿರಲಿಲ್ಲೇನು?’

‘ಅವಾಗ ಬೆನ್ನ ಮ್ಯಾಲ ಯಾರೂ ಇರಲಿಲ್ಲ, ತಾಯೀ.’

ಆ ಮಗಳು ಬದುಕಿರಲಿಲ್ಲ. ಮುದುಕಿಯ ಮುಖ ನೋಡಲಾಗದೆ ಲಾಡ್ಲೇಸಾಬ ನೆಲ ನೋಡಿದ. ಮುಳ್ಳು ಕುದುರೆಗೆ ಮಾತ್ರ ನಾಟಿದ್ದಲ್ಲ ಎಂದು ಅವನಿಗೆ ಅಲ್ಲಿ ಗೊತ್ತಾಯಿತು. ನೀಲಗಂಗಮ್ಮ ನಡೆದು ಬಂದು ಕಲ್ಯಾಣಿಯ ಭುಜದ ಮೇಲೆ ಕೈ ಇಟ್ಟರು. ಅದು ಅಲುಗಲಿಲ್ಲ. ಬಹಳ ಹೊತ್ತು ಹಾಗೇ ನಿಂತರು. ಆಮೇಲೆ ಮಗನಿಗೆ ಹೇಳಿದರು: ‘ಬಂದೂಕು ಒಳಗ ಇಡು. ಸುಳ್ಳು ಹೇಳಿದ್ದು ಕುದುರಿ ಅಲ್ಲ.’

ಹೆತ್ತ ತಾಯಿಯ ಮಾತನ್ನು ಅಷ್ಟು ಜನರ ಮುಂದೆ ಮೀರಲು ದೇಸಾಯರಿಂದ ಆಗಲಿಲ್ಲ. ‘ಇಬ್ಬರೂ ನನ್ನ ಸೀಮಿ ಬಿಟ್ಟು ಹೋಗ್ರಿ,’ ಎಂದಷ್ಟೇ ಹೇಳಿ ಒಳಗೆ ನಡೆದರು.

ಊರ ಅಗಸಿಬಾಗಿಲಲ್ಲಿ ಜನ ಕಾದಿದ್ದರು. ಹನ್ನೆರಡು ವರ್ಷ ಚುಚ್ಚಿದ್ದಕ್ಕೆ ಲಾಡ್ಲೇಸಾಬನ ಮೇಲೆ ಒಂದು ಕಲ್ಲೂ ಬಿದ್ದಿರಲಿಲ್ಲ. ಹೇಳಿದ್ದಕ್ಕೆ ಬಿದ್ದವು. ಕುದುರೆಗೆ ತಾಗದಂತೆ ಅವನು ಅದರ ಮಗ್ಗುಲಿಗೆ ಮಗ್ಗುಲಾಗಿ ನಡೆದ.

ದೇಸಾಯರ ಸೀಮೆಯ ಗಡಿ ದಾಟಿ ಬಾನಿಯ ಬಳಿ ಬಂದಾಗ ಹಣೆಯ ರಕ್ತ ಒಣಗಿತ್ತು. ತಾಯಿಯವರು ನೋಡಿದರು, ಏನಾಯಿತೆಂದು ಕೇಳಲಿಲ್ಲ. ಒದ್ದೆ ಸೆರಗಿನಿಂದ ಅವನ ಹಣೆ ಒರೆಸಿದರು. ಹೆಂಡತಿ ಸತ್ತ ಮೇಲೆ ಅವನ ಮುಖವನ್ನು ಯಾರೂ ಮುಟ್ಟಿರಲಿಲ್ಲ.

‘ನನಗ ಇನ್ನ ಯಾರೂ ಇಲ್ಲ, ಯವ್ವಾ. ಇಲ್ಲೇ ಇರ್ತೀನಿ,’ ಎಂದ.

ಬೇರೆ ಗುರುಗಳಾಗಿದ್ದರೆ ಕಾಲಿಗೆ ಬಿದ್ದವನನ್ನು ಶಿಷ್ಯ ಮಾಡಿಕೊಂಡು, ಒಂದು ಮಠ ಕಟ್ಟುತ್ತಿದ್ದರು. ತಾಯಿಯವರು, ‘ನವಲಿಹಾಳದಾಗ ಒಂದು ಕುದುರಿ ಕಾಲು ಕಟ್ಟಿ ಒಗದಾರಂತ. ಬಂಡಿಯವರು ಹೇಳಿದ್ರು. ಹುಚ್ಚು ಹಿಡದದ ಅಂತಾರ. ಹೋಗಿ ನೋಡು,’ ಎಂದರು.

ಲಾಡ್ಲೇಸಾಬ ಎದ್ದ. ಕಲ್ಯಾಣಿಯ ಹಗ್ಗ ಹಿಡಿದ.

‘ಹಗ್ಗ ಬಿಚ್ಚು,’ ಎಂದರು ತಾಯಿಯವರು. ‘ಅದನ್ನ ಕೇಳು.’

ಅವನು ಹಗ್ಗ ಬಿಚ್ಚಿ ಕೆಳಗಿಟ್ಟ. ಹತ್ತು ಹೆಜ್ಜೆ ನಡೆದು ನಾಲಗೆಯಿಂದ ಟಕ್ಕೆಂದು ಕರೆದ. ಕಲ್ಯಾಣಿ ಬಾನಿಯಿಂದ ಮುಖ ಎತ್ತಿ ಅವನನ್ನು ನೋಡಿತು. ಗದ್ದದಿಂದ ನೀರು ತೊಟ್ಟಿಕ್ಕುತ್ತಿತ್ತು. ಇನ್ನೊಮ್ಮೆ ಕರೆದ. ಅದು ಕಿವಿ ಮುಂದಕ್ಕೆ ಮಾಡಿ ಕೇಳಿಸಿಕೊಂಡಿತು. ಆಮೇಲೆ ತಲೆ ತಗ್ಗಿಸಿ ನೀರಿಗೆ ಬಾಯಿ ಇಟ್ಟಿತು. ಮೂರನೆಯ ಸಲ ಅವನು ಕರೆಯಲಿಲ್ಲ. ನವಲಿಹಾಳದ ದಾರಿ ಹಿಡಿದು ಬರಿಗೈಯಲ್ಲಿ ನಡೆದ.

ಮುಂದೆ ಹತ್ತೊಂಬತ್ತು ವರ್ಷ ಲಾಡ್ಲೇಸಾಬ ಊರೂರು ತಿರುಗಿದ. ಹುಚ್ಚು ಎಂದು ಕಟ್ಟಿ ಹಾಕಿದ ಎಷ್ಟೋ ಕುದುರೆಗಳ ಹಗ್ಗ ಬಿಚ್ಚಿಸಿದ. ಯಾವುದರ ಮೇಲೂ ಏರಲಿಲ್ಲ, ಎಲ್ಲಿಗೇ ಆಗಲಿ ನಡೆದೇ ಹೋದ. ಬಾನಿಯ ತಾಯಿಯವರ ಮಹಿಮೆ ಹೇಳು ಎಂದು ಭಕ್ತರು ಅವನನ್ನು ಸುತ್ತುಗಟ್ಟುತ್ತಿದ್ದರು. ಕುದುರೆ ಕಣ್ಣೀರು ಹಾಕುತ್ತ ಅವನ ಬೆನ್ನ ಹಿಂದೆ ಬಂತು ಎಂದು ಕೇಳಲು ಅವರಿಗೆ ಆಸೆ. ಅವನು ಮುಖದಲ್ಲಿ ಬೆಳಕು ತುಂಬಿಕೊಂಡು ಒಂದೇ ಮಾತು ಹೇಳುತ್ತಿದ್ದ:

‘ನಾ ಕರದೆ. ಅದು ಬರಲಿಲ್ಲ. ನಾ ಹೋದೆ.’